ಪ್ಲೇ ಆಗದ ವಿಡಿಯೋಗೆ ಅನ್‌ಟ್ರಂಕ್: ಕೆಲವು ವರ್ಷ ಬಳಸಿದ ಮೇಲೆ

ಕುಂಬಳೆ, ಮಧೂರು, ಬದಿಯಡ್ಕ ಕಡೆ ಯಕ್ಷಗಾನ ಬಯಲಾಟ ರೆಕಾರ್ಡ್ ಮಾಡುವವರಿಗೆ ಈ ತೊಂದರೆ ಚೆನ್ನಾಗಿ ಗೊತ್ತು. ಆಟ ಬೆಳಗಿನವರೆಗೆ. ನಡುವೆ ಬ್ಯಾಟರಿ ಮುಗಿಯುತ್ತದೆ, ಜನರೇಟರ್ ನಿಲ್ಲುತ್ತದೆ, ಅಡಾಪ್ಟರ್ ವಯರಿಗೆ ಯಾರದೋ ಕಾಲು ತಾಗುತ್ತದೆ. ಮನೆಗೆ ಬಂದು ನೋಡಿದರೆ ಫೈಲ್ ಇದೆ, ಸೈಜ್ 3 ಜಿಬಿ ಅಂತ ತೋರಿಸುತ್ತದೆ, ಪ್ಲೇ ಮಾತ್ರ ಆಗುವುದಿಲ್ಲ. ಇಂಥ ಫೈಲ್‌ಗಳಿಗೆ ನಾನು ಬಳಸುವುದು ಅನ್‌ಟ್ರಂಕ್. ಫೆಡೆರಿಕೊ ಪೊಂಕಿಯೊ ಅವರು ಬರೆದ ಓಪನ್ ಸೋರ್ಸ್ ಪ್ರೋಗ್ರಾಂ ಇದು, ಪೂರ್ತಿ ಉಚಿತ.

ಎಂಪಿ4 ಫೈಲ್‌ನಲ್ಲಿ ಚಿತ್ರ, ಶಬ್ದ ಎರಡೂ ಎಂಡ್ಯಾಟ್ ಎಂಬ ಭಾಗದಲ್ಲಿ ಕೂತಿರುತ್ತವೆ. ಯಾವ ಫ್ರೇಮ್ ಎಲ್ಲಿ ಶುರು, ಎಷ್ಟು ಉದ್ದ, ಯಾವ ಕೋಡೆಕ್ (ಚಿತ್ರ, ಶಬ್ದವನ್ನು ಕುಗ್ಗಿಸಿಡುವ ವಿಧಾನ) ಎಂಬ ಲೆಕ್ಕವೆಲ್ಲ ಮೂವ್ ಎಂಬ ಇನ್ನೊಂದು ಭಾಗದಲ್ಲಿ. ಹೆಚ್ಚಿನ ಕ್ಯಾಮೆರಾಗಳು ಇದನ್ನು ಬರೆಯುವುದು ನಾವು ಸ್ಟಾಪ್ ಒತ್ತಿದ ಮೇಲೆಯೇ. ಅದಕ್ಕೆ ಮೊದಲೇ ಕರೆಂಟ್ ಹೋದರೆ ಆ ಲೆಕ್ಕ ಫೈಲಿಗೆ ಬರುವುದೇ ಇಲ್ಲ. ಅಂಥ ಫೈಲನ್ನು ವಿಡಿಯೋ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ಗೆ ಕೊಟ್ಟರೆ 'ಮೂವ್ ಆಟಮ್ ನಾಟ್ ಫೌಂಡ್', ಅಂದರೆ ಮೂವ್ ಭಾಗ ಸಿಗಲಿಲ್ಲ ಎನ್ನುತ್ತದೆ. ವಿಎಲ್‌ಸಿ ಪ್ಲೇಯರಿನಲ್ಲಿ ರಿಪೇರಿ ಆಗುತ್ತದಲ್ವಾ ಎಂದು ತುಂಬಾ ಜನ ಕೇಳುತ್ತಾರೆ. ಅಲ್ಲಿರುವುದು ಎವಿಐ ಫೈಲ್‌ಗಳ ರಿಪೇರಿ, ಎಂಪಿ4ಗೆ ಅದು ಆಗದು.

ಅನ್‌ಟ್ರಂಕ್‌ಗೆ ಎರಡು ಫೈಲ್ ಕೊಡಬೇಕು: ಅದೇ ಕ್ಯಾಮೆರಾದಲ್ಲಿ ತೆಗೆದ, ಸರಿಯಾಗಿ ಓಡುವ ಒಂದು ವಿಡಿಯೋ, ಮತ್ತು ಕೆಟ್ಟದ್ದು. ಒಳ್ಳೆಯದನ್ನು ನೋಡಿ ಕೆಟ್ಟದರಲ್ಲಿರುವ ಫ್ರೇಮ್‌ಗಳನ್ನು ಒಂದೊಂದಾಗಿ ಗುರುತಿಸಿ ಹೊಸ ಮೂವ್ ಕಟ್ಟುತ್ತದೆ. ಮೂಲ ಫೈಲನ್ನು ಮುಟ್ಟುವುದಿಲ್ಲ, ಬೇರೆಯೇ ಫೈಲ್ ಮಾಡಿ ಕೊಡುತ್ತದೆ. ಇದು ನನಗೆ ತುಂಬಾ ಹಿಡಿಸಿದ ಗುಣ.

ಮುಖ್ಯ ಮಾತು ಏನೆಂದರೆ, ರಿಪೇರಿ ಎಷ್ಟು ಚೆನ್ನಾಗಿ ಆಗುತ್ತದೆ ಎಂಬುದು ಪೂರ್ತಿ ಆ ಒಳ್ಳೆಯ ಫೈಲ್ ಮೇಲೆ ನಿಂತಿದೆ. ಕ್ಯಾಮೆರಾ ಒಂದೇ ಆದರೆ ಸಾಲದು, ಸೆಟ್ಟಿಂಗೂ ಒಂದೇ ಇರಬೇಕು. ಒಮ್ಮೆ ಮಹಿಷಾಸುರ ಸಭೆಯ ಹಿಂದಿನಿಂದ ದೊಂದಿ ಬೆಳಕಿನಲ್ಲಿ ಬರುತ್ತಿದ್ದಾಗಲೇ ಕ್ಯಾಮೆರಾ ಆಫ್ ಆಯಿತು. 4ಕೆ ಸ್ಯಾಂಪಲ್ ಕೊಟ್ಟಾಗ ಬರೀ ಹಸಿರು ಚೌಕಗಳು, ಚೆಂಡೆಯ ಬದಲು ಕರಕರ ಸದ್ದು. ಆಟ ತೆಗೆದ 1080ಪಿ ಸೆಟ್ಟಿಂಗಿನದೇ ಸ್ಯಾಂಪಲ್ ಕೊಟ್ಟಾಗ ಪ್ರವೇಶ ಇಡೀ ಸಿಕ್ಕಿತು. ದೊಂದಿಗೆ ರಾಳದ ಪುಡಿ ಎರಚಿದಾಗ ಏಳುವ ಬೆಂಕಿ, ಬದಿಗೆ ಓಡುವ ಮಕ್ಕಳು, ಎಲ್ಲವೂ. ಕೊನೆಯ ಕೆಲವು ಸೆಕೆಂಡ್ ಮಾತ್ರ ಇಲ್ಲ. ಹಾಗಾಗಿ ಪ್ರತಿ ಕ್ಯಾಮೆರಾಕ್ಕೂ ಪ್ರತಿ ಸೆಟ್ಟಿಂಗಿಗೂ ಒಂದೊಂದು ಸಣ್ಣ ಸ್ಯಾಂಪಲ್ ಈಗಲೇ ತೆಗೆದು ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಕ್ಯಾಮೆರಾ ಮಾರಿದ ಮೇಲೆ ಅದನ್ನು ಎಲ್ಲಿಂದ ತರುವುದು?

ಕೊರತೆಗಳೂ ಇವೆ. ಉದ್ದದ ಫೈಲ್‌ನಲ್ಲಿ ಕೆಲವೊಮ್ಮೆ ಶಬ್ದ ಚಿತ್ರಕ್ಕಿಂತ ಹಿಂದೆ ಬೀಳುತ್ತದೆ. ಭಾಗವತರ ತಾಳ ಒಂದು ಕಡೆ, ವೇಷದ ಹೆಜ್ಜೆ ಇನ್ನೊಂದು ಕಡೆ ಆದರೆ ಆಟ ನೋಡಲಿಕ್ಕಾಗುವುದಿಲ್ಲ. ಎಡಿಟರಿನಲ್ಲಿ ಶಬ್ದವನ್ನು ಕೈಯಿಂದಲೇ ಸರಿಸಬೇಕು. ಮೂಲ ಪ್ರೋಗ್ರಾಂ ಕಮಾಂಡ್ ಲೈನಿನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡಿ ಓಡಿಸುವಂಥದ್ದು, ನಾವೇ ಕಂಪೈಲ್ ಮಾಡಿ (ಕೋಡನ್ನು ಓಡುವ ರೂಪಕ್ಕೆ ತಂದು) ಇಟ್ಟುಕೊಳ್ಳಬೇಕು. ಅದು ಕಷ್ಟ ಅನ್ನುವವರು ಆಂಥ್‌ವ್‌ಲಾಕ್ ಎಂಬ ಹೆಸರಿನಲ್ಲಿ ಬರುವ ಫೋರ್ಕ್ (ಅದೇ ಕೋಡಿನಿಂದ ಬೇರೆಯವರು ಬೆಳೆಸಿದ್ದು) ತೆಗೆದುಕೊಳ್ಳಿ, ಅದರಲ್ಲಿ ವಿಂಡೋಸ್‌ಗೆ ಬಟನ್ ಒತ್ತಿ ಓಡಿಸುವ ಕಿಟಕಿಯಿರುವ ಆವೃತ್ತಿಯೇ ಸಿಗುತ್ತದೆ. ನಾನು ಬಳಸುವುದೂ ಅದನ್ನೇ.

ಫೈಲ್ ಸೈಜೇ ಸೊನ್ನೆ ಇದ್ದರೆ ಇದರಿಂದ ಏನೂ ಆಗದು. ಆಗ ಆ ಕಾರ್ಡಿಗೆ ಹೊಸದೇನೂ ಬರೆಯಬೇಡಿ, ಕಳೆದುಹೋದ ಫೈಲ್ ಹುಡುಕುವ ಫೋಟೊರೆಕ್ ಪ್ರೋಗ್ರಾಂ ಹಾಕಿ ಹುಡುಕಿ. ದುಡ್ಡು ತೆಗೆದುಕೊಳ್ಳುವ ರಿಪೇರಿ ಸಾಫ್ಟ್‌ವೇರ್‌ಗಳ ಹತ್ತಿರ ಹೋಗುವ ಮೊದಲು ಇದನ್ನು ಒಮ್ಮೆ ನೋಡಿ, ಅವುಗಳಲ್ಲೂ ಕೆಲವು ಇದೇ ರೀತಿ ಸ್ಯಾಂಪಲ್ ಫೈಲ್ ಕೇಳುತ್ತವೆ.

ತಾಳಮದ್ದಳೆ ಲೈವ್ ಮಾಡುವವರು ಓಬಿಎಸ್ ಎಂಬ ರೆಕಾರ್ಡಿಂಗ್ ಪ್ರೋಗ್ರಾಂನಲ್ಲಿ ಎಂಪಿ4 ಬದಲು ಎಂಕೆವಿ ಬಗೆಯ ಫೈಲಿಗೆ ರೆಕಾರ್ಡ್ ಮಾಡಿ. ನಡುವೆ ಕರೆಂಟ್ ಹೋದರೂ ಅಲ್ಲಿಯವರೆಗಿನದು ಪ್ಲೇ ಆಗುತ್ತದೆ. ಆಮೇಲೆ ಫೈಲ್ ಮೆನುವಿನ 'ರೀಮಕ್ಸ್ ರೆಕಾರ್ಡಿಂಗ್ಸ್' ಒತ್ತಿ ಎಂಪಿ4 ಮಾಡಿಕೊಳ್ಳಬಹುದು.