ಕೋಲಾರದಲ್ಲಿ ಹೊಸ ಪಿಕಪ್: ಶೋರೂಂ ಕೊಟೇಷನ್ ಎಷ್ಟು ನಂಬಬಹುದು?

ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರ ಕಡೆ ಪಿಕಪ್ ಮಾರುವವರಿಗೆ ಗಾಡಿಯೂ ಗೊತ್ತು, ಲೋಡೂ ಗೊತ್ತು. ಯಾವುದು ಎಷ್ಟು ಬಾಕ್ಸ್ ಟೊಮೇಟೊ ಹೊರುತ್ತದೆ ಎಂದು ಕೇಳಿದರೆ ಬ್ರೋಷರ್ ತೆಗೆಯದೆಯೇ ಹೇಳುತ್ತಾರೆ. ಗಾಡಿ ತೋರಿಸುವುದರಲ್ಲಿ, ಓಡಿಸಿ ನೋಡಲು ಕೊಡುವುದರಲ್ಲಿ ಈ ಭಾಗದ ಶೋರೂಂಗಳಿಗೆ ಒಳ್ಳೆಯ ಅಂಕವನ್ನೇ ಕೊಡಬೇಕು. ಅಂಕ ಕಳೆಯಬೇಕಾದದ್ದು ಕೊಟೇಷನ್ ಹಾಳೆಗೆ. ಎಕ್ಸ್‌ಶೋರೂಂ ಸಾಲಿನಲ್ಲಿ ಇಪ್ಪತ್ತು ಸಾವಿರ ಬಿಟ್ಟು, ಕೆಳಗಿನ ನಾಲ್ಕು ಸಾಲುಗಳಲ್ಲಿ ಮೂವತ್ತು ಸಾವಿರ ವಾಪಸ್ ಎತ್ತಿಕೊಳ್ಳುವುದು ಈ ವ್ಯಾಪಾರದ ಹಳೆಯ ಕೈಚಳಕ. ‘ಡಿಸ್ಕೌಂಟ್ ಎಷ್ಟು ಕೊಡ್ತೀರಾ?’ ಎಂದು ಶುರು ಮಾಡಿದವರು ಮೊದಲ ಮಾತಿನಲ್ಲೇ ಸೋತಂತೆ. ಕೇಳಬೇಕಾದದ್ದು ಒಂದೊಂದು ಸಾಲಿನ ಲೆಕ್ಕ.

ಅದಕ್ಕೂ ಮೊದಲು ಯಾವ ತೂಕದ ಗಾಡಿ ಬೇಕು ಎಂಬುದು ಮನೆಯಲ್ಲೇ ತೀರ್ಮಾನವಾಗಿರಬೇಕು. ಬೊಲೆರೊ ಪಿಕಪ್, ದೋಸ್ತ್, ಇಂಟ್ರಾ, ಯೋಧ ಎಲ್ಲದರಲ್ಲೂ ಹೊರುವ ತೂಕಕ್ಕೆ ತಕ್ಕಂತೆ ಹಲವು ಮಾದರಿಗಳಿವೆ, ಮತ್ತು ದರ ಏರುವುದು ಇಲ್ಲೇ. ಮಂಡಿಯ ಲೆಕ್ಕದಲ್ಲೇ ನೋಡಿ: ಕೋಲಾರ ಎಪಿಎಂಸಿಯ ಬಾಕ್ಸ್ ಅಂದರೆ 15 ಕೆಜಿ ಹಣ್ಣು. ಖಾಲಿ ಕ್ರೇಟ್ ಸೇರಿ 17 ಕೆಜಿ ಎಂದಿಟ್ಟುಕೊಂಡರೆ, 1300 ಕೆಜಿ ಹೊರುವ ಗಾಡಿಗೆ 76 ಬಾಕ್ಸ್, 1700 ಕೆಜಿಯದಕ್ಕೆ 100 ಬಾಕ್ಸ್. ಮೇಲೆ 120 ಕೆಜಿಯ ಕಬ್ಬಿಣದ ಜಾಲರಿ ಕಟ್ಟಿಸಿದರೆ ಆ ತೂಕವೂ ಇದರಲ್ಲೇ ಕಳೆಯುತ್ತದೆ, ಅಂದರೆ ಏಳು ಬಾಕ್ಸ್ ಹೋಯಿತು. ‘ಎರಡು ಟನ್ ಹಾಕಿದ್ರೂ ಏನೂ ಆಗಲ್ಲ ಅಣ್ಣ’ ಎನ್ನುವ ಮಾತಿಗೆ ಬೆಲೆ ಕಟ್ಟಬೇಡಿ. 2019ರ ತಿದ್ದುಪಡಿಯಾದ ಮೇಲೆ ಓವರ್‌ಲೋಡಿಗೆ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000.

ಇನ್ನೊಂದು ಗೆರೆ 3000 ಕೆಜಿಯದು. ಗಾಡಿ ಮತ್ತು ಲೋಡು ಸೇರಿದ ಒಟ್ಟು ತೂಕ, ಅಂದರೆ ಜಿವಿಡಬ್ಲ್ಯು, 3000 ಕೆಜಿ ದಾಟದಿದ್ದರೆ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಪರ್ಮಿಟ್ಟೇ ಬೇಡ. ದಾಟಿದರೆ ಬೇಕು. ಮುಳಬಾಗಿಲಿನಿಂದ ಹೊರರಾಜ್ಯದ ಮದನಪಲ್ಲಿ, ಪಲಮನೇರು, ಕೃಷ್ಣಗಿರಿ ಕಡೆ ವಾರ ವಾರ ಓಡುವ ಅಂಥ ಗಾಡಿಯಾದರೆ ನ್ಯಾಷನಲ್ ಪರ್ಮಿಟ್ ಮಾಡಿಸಬೇಕಾಗುತ್ತದೆ. ಅದರ ಸಂಯುಕ್ತ ಶುಲ್ಕವೇ ವರ್ಷಕ್ಕೆ 16,500. ದೊಡ್ಡ ಮಾದರಿಗೆ ‘ಬರೀ ನಲವತ್ತು ಸಾವಿರ ಜಾಸ್ತಿ’ ಎಂದು ತೋರಿಸುವ ಸೇಲ್ಸ್ ಹುಡುಗ ಇದನ್ನು ಹೇಳುವುದಿಲ್ಲ. ಅವನನ್ನು ದೂರಿ ಪ್ರಯೋಜನವಿಲ್ಲ, ಅದು ಅವನ ಹಾಳೆಯಲ್ಲಿ ಇರುವುದೂ ಇಲ್ಲ. ಡ್ರೈವಿಂಗ್ ಲೈಸೆನ್ಸಿನ ಚಿಂತೆ ಮಾತ್ರ ಬಿಡಬಹುದು. 7500 ಕೆಜಿವರೆಗಿನ ಸರಕು ಗಾಡಿಯನ್ನು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಖಚಿತಪಡಿಸಿದೆ.

ಈಗ ಎಕ್ಸ್‌ಶೋರೂಂ ದರ. ಸರಕು ಸಾಗಣೆ ಗಾಡಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿಯಿತು. ಹಳೆಯ ದರ 10 ಲಕ್ಷವಿದ್ದ ಗಾಡಿ ಈ ಲೆಕ್ಕದಲ್ಲಿ 9,21,875ಕ್ಕೆ ಬರಬೇಕು. ಅಲ್ಲಿಗೆ ಇಳಿದ 78 ಸಾವಿರ ಸರ್ಕಾರ ಬಿಟ್ಟ ದುಡ್ಡು, ಶೋರೂಂನ ಉದಾರತೆಯಲ್ಲ. ಅಕ್ಕಪಕ್ಕದವರು ಹಳೆಯ ದರಕ್ಕೆ ತಗೊಂಡದ್ದನ್ನು ತೋರಿಸಿ ‘ನಿಮಗೆ ಎಷ್ಟು ಕಮ್ಮಿ ನೋಡಿ’ ಎಂದರೆ ನಗುತ್ತಾ ಮುಂದಿನ ಸಾಲಿಗೆ ಹೋಗಿ. ಕಂಪನಿ ಕೊಡುವ ಆಫರ್ ಬೇರೆ, ಡೀಲರ್ ತನ್ನ ಮಾರ್ಜಿನ್‌ನಲ್ಲಿ ಬಿಡುವುದು ಬೇರೆ. ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಒಂದೇ ಅಂಕಿಯಾಗಿ ಬರೆದರೆ ಕಂಪನಿ ಕೊಟ್ಟದ್ದನ್ನೇ ತನ್ನದೆಂದು ತೋರಿಸುವುದು ಸುಲಭ.

ಮಾರ್ಜಿನ್ ನಿಜವಾಗಿ ಸಡಿಲವಾಗುವುದು ಎರಡು ಕಾರಣಕ್ಕೆ. ಒಂದು, ಕಾಲ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ನಮ್ಮ ಕಡೆ ಗಾಡಿ ಎತ್ತುವವರು ಕಡಿಮೆ. ಶೋರೂಂಗೆ ತಿಂಗಳ ಟಾರ್ಗೆಟ್ ಮಾತ್ರ ಹಾಗೇ ಇರುತ್ತದೆ. ಆ ತಿಂಗಳ ಕೊನೆಯ ವಾರ ಮಾತಾಡಿದರೆ ಸಿಗುವ ದರ, ಆಯುಧಪೂಜೆ ಹಿಂದಿನ ದಿನ ಹೂವಿನ ಹಾರ ಹಿಡಿದು ಹೋದವರಿಗೆ ಸಿಗುವುದಿಲ್ಲ. ಆಷಾಢದಲ್ಲಿ ಬಿಲ್ ಮಾಡಿಸಿ ಶ್ರಾವಣದಲ್ಲಿ ಗಾಡಿ ಇಳಿಸಿಕೊಳ್ಳುವ ಉಪಾಯ ಕೆಲವರದು. ಹಾಗೆ ಮಾಡಿದರೆ ಇನ್ಶೂರೆನ್ಸ್ ಮತ್ತು ಸಾಲದ ಬಡ್ಡಿ ಗಾಡಿ ನಿಂತಲ್ಲೇ ಓಡಲು ಶುರುವಾಗುತ್ತವೆ ಎಂಬ ಎಚ್ಚರ ಇರಲಿ.

ಎರಡನೆಯದು ಗಾಡಿಯ ವಯಸ್ಸು, ಮತ್ತು ಗಿರಾಕಿಯ ಕೈಯಲ್ಲಿರುವ ದೊಡ್ಡ ಅಸ್ತ್ರ ಇದೇ. ಅಡ್ವಾನ್ಸ್ ಕೊಡುವ ಮೊದಲೇ ಯಾರ್ಡಿನಲ್ಲಿ ನಿಮಗೆ ಕೊಡುವ ಗಾಡಿಯ ಚಾಸಿ ನಂಬರ್ ಕೇಳಿ. 17 ಅಕ್ಷರದ ಆ ನಂಬರಿನಲ್ಲಿ ಸಾಮಾನ್ಯವಾಗಿ ಹತ್ತನೆಯದು ವರ್ಷದ ಗುರುತು: ‘ಆರ್’ ಇದ್ದರೆ 2024, ‘ಎಸ್’ 2025, ‘ಟಿ’ 2026. ತಯಾರಾದ ತಿಂಗಳು-ವರ್ಷ ಶೋರೂಂ ಕೊಡುವ ಮಾರಾಟ ಪತ್ರವಾದ ಫಾರಂ 21ರಲ್ಲೂ ಆರ್‌ಸಿಯಲ್ಲೂ ಬರುತ್ತದೆ, ನಾಳೆ ಮಾರುವಾಗ ಕೊಳ್ಳುವವನು ನೋಡುವುದು ಅದನ್ನೇ. ಟೈರಿನ ಪಕ್ಕೆಯ ಮೇಲಿನ ನಾಲ್ಕಂಕಿಯನ್ನೂ ಓದಿ: 3225 ಅಂದರೆ 2025ರ 32ನೇ ವಾರ. ಚಾಸಿ ಒಂದು ಕಾಲ, ಟೈರು ಅದಕ್ಕಿಂತ ಎಷ್ಟೋ ತಿಂಗಳು ಈಚಿನದು ಎಂದಾದರೆ ಟೈರು ಯಾಕೆ ಬದಲಾಯಿತು ಎಂದು ಕೇಳಬೇಕು. ಜನವರಿಯಲ್ಲಿ ಹಿಂದಿನ ವರ್ಷದ ಗಾಡಿ ಬೇಡ ಅನ್ನಬೇಕಿಲ್ಲ. ಅದನ್ನು ಹಿಂದಿನ ವರ್ಷದ ಗಾಡಿಯ ದರಕ್ಕೇ ಕೇಳಿ. ಬ್ಯಾಟರಿ ಚಾರ್ಜ್ ಚೆನ್ನಾಗಿದ್ದು, ಡೆಕ್‌ನ ಬೆಸುಗೆಯಲ್ಲಿ ತುಕ್ಕು ಕಾಣದಿದ್ದರೆ, ಏಳೆಂಟು ವರ್ಷ ತಾವೇ ಓಡಿಸುವವರಿಗೆ ಅದು ಲಾಭದ ಗಾಡಿ. ಮೂರು ವರ್ಷಕ್ಕೆ ಮಾರುವವರಿಗೆ ಅಲ್ಲ.

ಇನ್ಶೂರೆನ್ಸ್ ಸಾಲಿನಲ್ಲಿ ಶೋರೂಂ ಹೇಳುವ ಮೊತ್ತವನ್ನೇ ಕೊಡಬೇಕೆಂಬ ಕಾನೂನಿಲ್ಲ, ಪಾಲಿಸಿಯನ್ನು ಎಲ್ಲಿ ಬೇಕಾದರೂ ತಗೊಳ್ಳಬಹುದು. 7500 ಕೆಜಿವರೆಗಿನ ಬಾಡಿಗೆ ಸರಕು ಗಾಡಿಗೆ ಥರ್ಡ್ ಪಾರ್ಟಿ ಮೂಲ ಪ್ರೀಮಿಯಂ 2022ರ ಅಧಿಸೂಚನೆಯಲ್ಲಿ 16,049. ಅದರಲ್ಲಿ ಯಾರೂ ಚೌಕಾಸಿ ಮಾಡಲಾಗದು. ಹೆಚ್ಚು ಕಡಿಮೆ ಆಗುವುದು ಓನ್ ಡ್ಯಾಮೇಜ್ (ನಿಮ್ಮ ಗಾಡಿಗೇ ಆಗುವ ಹಾನಿಯ) ಭಾಗ. ಹೊರಗಿನ ಏಜೆಂಟರಿಂದ ಒಂದು ಕೊಟೇಷನ್ ತಂದು ಮೇಜಿನ ಮೇಲಿಟ್ಟರೆ ಶೋರೂಂ ಮೊತ್ತ ಅಲ್ಲೇ ಇಳಿಯುವುದುಂಟು. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಐಡಿವಿ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ, ನೋಡಿ. ಹೊಸ ಗಾಡಿಗೆ ಅದು ಬೆಲೆಯ ಶೇ 95 ಇರಬೇಕು. ಐಎಂಟಿ 23 ಎಂಬ ಕವರ್ ಇದೆಯೇ ಎಂಬುದನ್ನೂ ನೋಡಿ. ವಾಣಿಜ್ಯ ಗಾಡಿಗಳ ಸಾದಾ ಪಾಲಿಸಿಯಲ್ಲಿ ಲೈಟು, ಟೈರು, ಮಡ್‌ಗಾರ್ಡ್, ಬಂಪರ್, ಬಾನೆಟ್ ಪಕ್ಕದ ಭಾಗ, ಪೇಂಟು ಇವುಗಳಿಗಷ್ಟೇ ಪೆಟ್ಟಾದರೆ ಕ್ಲೇಮ್ ಸಿಗುವುದಿಲ್ಲ. ಅದಕ್ಕೇ ಈ ಕವರ್. ಮಂಡಿಯ ಗೇಟಿನಲ್ಲಿ ಪಿಕಪ್‌ಗೆ ಪೆಟ್ಟಾಗುವುದು ಮೊದಲು ಬಂಪರಿಗೆ ಮತ್ತು ಲೈಟಿಗೆ. ಅಗ್ಗದ ಪಾಲಿಸಿ ಅಗ್ಗವಾದದ್ದು ಇದನ್ನು ತೆಗೆದೇ ಆಗಿರಬಹುದು.

‘ಆರ್‌ಟಿಒ ಖರ್ಚು’ ಎಂದು ಒಟ್ಟಾಗಿ ಬರೆದ ಮೊತ್ತವನ್ನು ಒಡೆಸಿ. ಕೇಂದ್ರ ನಿಯಮ 81ರಲ್ಲಿ ಲಘು ಸರಕು ಗಾಡಿಯ ನೋಂದಣಿ ಶುಲ್ಕ 1,000, ಸಾಲವಿದ್ದರೆ ಅದನ್ನು ಆರ್‌ಸಿಯಲ್ಲಿ ನಮೂದಿಸಲು 1,500, ಕಾರ್ಡಿಗೆ 200. ಉಳಿದದ್ದು ರಾಜ್ಯದ ತೆರಿಗೆ, ಅದಕ್ಕೆ ಇಲಾಖೆಯ ರಸೀದಿ ಬರುತ್ತದೆ. ರಸೀದಿಗಳ ಮೊತ್ತಕ್ಕೂ ಕೊಟೇಷನ್‌ಗೂ ನಡುವೆ ಉಳಿಯುವ ಆರೇಳು ಸಾವಿರಕ್ಕೆ ‘ಓಡಾಟದ ಖರ್ಚು’ ಎನ್ನುತ್ತಾರೆ. ಪೂರ್ತಿ ಬಾಡಿ ಇರುವ ಹೊಸ ಗಾಡಿಯನ್ನು ಈಗ ತಪಾಸಣೆಗೆ ಆರ್‌ಟಿಒ ಕಚೇರಿಗೆ ಒಯ್ಯಬೇಕಿಲ್ಲ, ಕಾಗದ ಆನ್‌ಲೈನಿನಲ್ಲಿ ಹೋಗುತ್ತದೆ. ಹಾಗಾದರೆ ಓಡಿದ್ದು ಯಾರು? ಬರೀ ಕ್ಯಾಬಿನ್-ಚಾಸಿ ತಗೊಂಡು ಹೊರಗೆ ಬಾಡಿ ಕಟ್ಟಿಸುವವರ ಮಾತು ಬೇರೆ. ಅವರಿಗೆ ತಾತ್ಕಾಲಿಕ ನೋಂದಣಿ, ಆಮೇಲೆ ತಪಾಸಣೆ ಎರಡೂ ಇವೆ. ಹ್ಯಾಂಡ್ಲಿಂಗ್ ಚಾರ್ಜ್, ಲಾಜಿಸ್ಟಿಕ್ಸ್ ಚಾರ್ಜ್ ಎಂಬ ಸಾಲುಗಳನ್ನು ಸೀದಾ ಹೊಡೆಸಿ. ನಂಬರ್ ಪ್ಲೇಟಿಗೆ ಬೇರೆ ದುಡ್ಡು ಹಾಕಿದ್ದರೆ ಅದನ್ನೂ. 2019ರ ಏಪ್ರಿಲ್‌ನಿಂದ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಕೊಡುವ ಹೊಣೆ ಗಾಡಿ ತಯಾರಕರದೇ. ಬಿಲ್ಲಿನ ಮೊತ್ತ 10 ಲಕ್ಷ ದಾಟಿದರೆ ಶೇ 1 ಟಿಸಿಎಸ್ (ಮಾರುವವರೇ ವಸೂಲು ಮಾಡಿ ಕಟ್ಟುವ ಆದಾಯ ತೆರಿಗೆ) ಹಾಕುತ್ತಾರೆ. ಇದು ಮಾತ್ರ ನ್ಯಾಯವಾದ ಸಾಲು. ಪ್ಯಾನ್ ಕೊಟ್ಟಿದ್ದರೆ ರಿಟರ್ನ್‌ನಲ್ಲಿ ವಾಪಸ್ ಬರುತ್ತದೆ.

ಎಲ್ಲಕ್ಕಿಂತ ದುಬಾರಿ ಮೇಜು ಫೈನಾನ್ಸಿನದು. ಅಲ್ಲಿ ಹೇಳುವ ‘ಎಂಟು ಪರ್ಸೆಂಟ್’ ಹೆಚ್ಚಾಗಿ ಫ್ಲಾಟ್ ಬಡ್ಡಿ. 7 ಲಕ್ಷ ಸಾಲ, 48 ಕಂತು, ಫ್ಲಾಟ್ 8 ಎಂದರೆ ಬಡ್ಡಿ 2,24,000, ಕಂತು 19,250. ಅಸಲು ತೀರುತ್ತಾ ಬಂದರೂ ಬಡ್ಡಿ ಪೂರ್ತಿ 7 ಲಕ್ಷದ ಮೇಲೇ ಬೀಳುವುದರಿಂದ ಇದರ ನಿಜವಾದ ದರ ಸುಮಾರು ಶೇ 14.3. ಇಷ್ಟೇ ಸಾಲ, ಉಳಿದ ಅಸಲಿನ ಮೇಲಷ್ಟೇ ಬೀಳುವ ಇಳಿಕೆ ಬಡ್ಡಿಯಲ್ಲಿ ಶೇ 10ಕ್ಕೆ ಸಿಕ್ಕರೆ ಕಂತು 17,754 ಆಗುತ್ತದೆ, ನಾಲ್ಕು ವರ್ಷದಲ್ಲಿ 72 ಸಾವಿರದಷ್ಟು ಉಳಿಯುತ್ತದೆ. ಕೌಂಟರಿನಲ್ಲಿ ಗಂಟೆಗಟ್ಟಲೆ ಗುದ್ದಾಡಿ ಗಿಟ್ಟಿಸಿದ ಹದಿನೈದು ಸಾವಿರದ ಡಿಸ್ಕೌಂಟ್ ಇದರ ಮುಂದೆ ಎಲ್ಲಿ ನಿಲ್ಲುತ್ತದೆ? ಮೊದಲ ಒಂದೆರಡು ಕಂತನ್ನು ಮುಂಗಡವಾಗಿ ಹಿಡಿದುಕೊಂಡರೆ ದರ ಇನ್ನೂ ಏರುತ್ತದೆ. ಸಾಲದ ಮೊತ್ತಕ್ಕೇ ಸೇರಿಸಿಬಿಡುವ ಜೀವವಿಮೆ, ಫೈಲ್ ಚಾರ್ಜು ಬೇರೆ. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಸಾಲ ಕೊಡುವವರು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡಲೇಬೇಕು. ಅದರಲ್ಲಿ ಎಪಿಆರ್ (ಶುಲ್ಕಗಳೂ ಸೇರಿದ ವಾರ್ಷಿಕ ದರ) ಎಂಬ ಒಂದೇ ಅಂಕಿಯಲ್ಲಿ ಎಲ್ಲವೂ ಬಯಲಾಗುತ್ತದೆ. ಸಹಿಗೆ ಮೊದಲು ಅದನ್ನು ಕೇಳಿ.

ಹಾಗಾಗಿ ಶೋರೂಂಗೆ ಹೋಗುವ ಮೊದಲೇ ಖಾತೆ ಇರುವ ಬ್ಯಾಂಕಿನಲ್ಲಿ ವಿಚಾರಿಸಿ ಬನ್ನಿ. 10 ಲಕ್ಷದವರೆಗೆ ಮುದ್ರಾ ತರುಣ್ ವರ್ಗದಲ್ಲಿ ಜಾಮೀನು ಆಸ್ತಿಯಿಲ್ಲದೆ ಸರಕು ಗಾಡಿಗೂ ಸಾಲವುಂಟು. ಬ್ಯಾಂಕಿನವರು ತಡ ಮಾಡುತ್ತಾರೆ ಎಂಬುದು ನಿಜ, ಕಾಯುವಷ್ಟು ವ್ಯವಧಾನ ಬೇಕು. ಶೋರೂಂನಲ್ಲಿ ಮಾತ್ರ ‘ಕ್ಯಾಶಾ, ಲೋನಾ?’ ಎಂದರೆ ಗಾಡಿ ದರ ಬರವಣಿಗೆಯಲ್ಲಿ ಬರುವವರೆಗೆ ಗುಟ್ಟು ಬಿಡಬೇಡಿ. ಫೈನಾನ್ಸ್ ಕಂಪನಿಯಿಂದ ಅವರಿಗೆ ಕಮಿಷನ್ ಇರುವುದರಿಂದ ಸಾಲ ಅಲ್ಲೇ ಮಾಡಿಸುತ್ತೀರಿ ಎಂಬ ಆಸೆಗೆ ಇಳಿಸುವ ದರವೇ ಬೇರೆ. ಆ ಆಸೆ ಇಟ್ಟು ಇಳಿಸಿದ ದರ ಬರೆಸಿಕೊಂಡ ಮೇಲೆ ಎಪಿಆರ್ ಹೋಲಿಸಿ, ಎಲ್ಲಿ ಕಡಿಮೆಯೋ ಅಲ್ಲಿ ಸಾಲ ಮಾಡಿ.

ಹಳೆ ಗಾಡಿ ಎಕ್ಸ್‌ಚೇಂಜ್ ಇದ್ದರೆ ಹೊಸದರ ದರ ಮುಗಿದ ಮೇಲೆ ಬಾಯಿ ಬಿಡಿ. ಎರಡೂ ಒಟ್ಟಿಗೆ ಮಾತಾಡಿದರೆ ಇಲ್ಲಿ ಏರಿಸಿ ಅಲ್ಲಿ ಇಳಿಸುತ್ತಾರೆ.

ಸಿಮೆಂಟ್, ಹಾರ್ಡ್‌ವೇರ್ ಅಂಗಡಿಯವರು ಸೇರಿ ಜಿಎಸ್‌ಟಿ ನೋಂದಣಿ ಇರುವವರು ಬಿಲ್ ಆಗುವ ಮೊದಲೇ ನಂಬರ್ ಕೊಡಬೇಕು. ಕಾರಿಗೆ ಸಿಗದ ಇನ್‌ಪುಟ್ ಕ್ರೆಡಿಟ್ ಸರಕು ಗಾಡಿಗೆ ಸಿಗುತ್ತದೆ, ಅಂದರೆ ಆ ಶೇ 18 ವ್ಯಾಪಾರದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ತೆರಿಗೆಯೇ ಇಲ್ಲದ ತರಕಾರಿ ಮಾತ್ರ ಮಾರುವವರಿಗೆ ಈ ಲಾಭವಿಲ್ಲ. ಡಿಸ್ಕೌಂಟ್ ತೆರಿಗೆಗೆ ಮುಂಚೆ ಬಿಲ್ಲಿನಲ್ಲೇ ಕಳೆದಿರಲಿ. ‘ಆಮೇಲೆ ಕೈಗೆ ಕೊಡ್ತೀವಿ ಸಾರ್’ ಎಂಬ ದುಡ್ಡಿಗೆ ದಾಖಲೆಯೇ ಇರುವುದಿಲ್ಲ. ಅದರ ಬದಲು ಟಾರ್ಪಾಲು, ಸೀಟ್ ಕವರ್, ಸ್ಟಿಕರ್, ರಿಫ್ಲೆಕ್ಟರ್ ಟೇಪ್ ‘ಫ್ರೀ’ ಕೊಡಲು ಬಂದರೂ ಒಪ್ಪಬೇಡಿ. ಹತ್ತು ಸಾವಿರ ಎಂದು ಬರೆಯುವ ಆ ಸಾಮಾನು ಕೋಲಾರದ ಪೇಟೆಯಲ್ಲೇ ಅದಕ್ಕಿಂತ ಕಡಿಮೆಗೆ ಸಿಗುತ್ತದೆ.

ಬುಕಿಂಗ್ ರಸೀದಿಯಲ್ಲಿ ಮಾದರಿ, ಬಣ್ಣ, ಚಾಸಿ ನಂಬರ್, ಆನ್‌ರೋಡ್ ಒಟ್ಟು, ದರ ಯಾವ ತಾರೀಖಿನವರೆಗೆ, ಬೇಡವಾದರೆ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್ ಇಷ್ಟೂ ಇರಲಿ. ಶೋರೂಂಗಳ ಸೇವೆಯಲ್ಲಿ ಅತ್ಯಂತ ಕಳಪೆ ಇದೇ ರಸೀದಿ. ಬರೀ ‘ಗಾಡಿ ಬುಕಿಂಗ್, 10,000’ ಎಂದು ಗೀಚಿ ಕೊಡುತ್ತಾರೆ, ಬಿಲ್ ದಿನ ದರ ಏರಿದರೆ ತೋರಿಸಲು ಕಾಗದವೇ ಇರುವುದಿಲ್ಲ. ಬಾಕಿ ಹಣವನ್ನು ಶೋರೂಂನ ಬ್ಯಾಂಕ್ ಖಾತೆಗೇ ಹಾಕಿ, ಸೇಲ್ಸ್‌ನವರ ಫೋನ್‌ಪೇಗೆ ಬೇಡ.

ಡೆಲಿವರಿ ಬೆಳಕಿರುವಾಗಲೇ ಆಗಲಿ. ಚಾಸಿ, ಎಂಜಿನ್ ನಂಬರ್ ಎರಡನ್ನೂ ಬಿಲ್ಲಿಗೆ ಹೋಲಿಸಿ. ಹಿಂದಿನ ಪಟ್ಟಾಗಳ ಯು-ಬೋಲ್ಟ್, ಸ್ಟೆಪ್ನಿ, ಜಾಕ್, ವೀಲ್ ಸ್ಪ್ಯಾನರ್, ಎರಡನೇ ಕೀ ಇವೆಯೇ ನೋಡಿ. ಡೆಕ್‌ನ ಮೂರೂ ಡಾಲಾ (ಪಕ್ಕದ ಮತ್ತು ಹಿಂದಿನ ಬಾಗಿಲು) ತೆಗೆದು ಹಾಕಿ, ಕೊಕ್ಕೆ ಸರಿಯಾಗಿ ಕೂರದಿದ್ದರೆ ಅಲ್ಲೇ ಸರಿ ಮಾಡಿಸಿ. ಫಾಸ್ಟ್ಯಾಗ್ ವರ್ಗ ತಪ್ಪುವುದು ಸಾಮಾನ್ಯ. ಟಾಟಾ ಏಸ್‌ನಂಥ ಮಿನಿ ಗಾಡಿಗೆ ಕಾರಿನ ವರ್ಗ 4, ಎರಡು ಆಕ್ಸಲ್ಲಿನ ಎಲ್‌ಸಿವಿಗೆ (ಲಘು ವಾಣಿಜ್ಯ ಗಾಡಿಗೆ) ವರ್ಗ 5. ಟ್ಯಾಗಿನ ಮೇಲಿನದು ಆರ್‌ಸಿಯ ತೂಕಕ್ಕೆ ಹೊಂದದಿದ್ದರೆ ಟೋಲಿನಲ್ಲಿ ಹೆಚ್ಚು ಕಟ್ಟುತ್ತೀರಿ, ಇಲ್ಲವೇ ಟ್ಯಾಗ್ ಬ್ಲಾಕ್ ಆಗುತ್ತದೆ. ಬಿಲ್, ಫಾರಂ 21, ಫಾರಂ 22 (ಗಾಡಿ ರಸ್ತೆಗೆ ಯೋಗ್ಯ ಎಂಬ ತಯಾರಕರ ಪತ್ರ), ಇನ್ಶೂರೆನ್ಸ್, ತೆರಿಗೆ ರಸೀದಿ ಕೈಗೆ ಬಂದು, ನಂಬರ್ ಪ್ಲೇಟ್ ಕೂತ ಮೇಲೆ ಡೆಲಿವರಿ ನೋಟಿಗೆ ಸಹಿ ಹಾಕಿ. ಪ್ಲೇಟ್ ‘ನಾಳಿದ್ದು ಬರುತ್ತೆ’ ಎಂದರೆ ಗಾಡಿಯನ್ನೂ ನಾಳಿದ್ದೇ ತಗೊಂಡು ಹೋಗುವುದಾಗಿ ಹೇಳಿ.