ಎಂಟು ಕೋಶಗಳ ಮೆಂಬ್ರೇನ್ ಪರೀಕ್ಷಾ ಘಟಕ: ಮೂರು ವರ್ಷ ಬಳಸಿದ ಮೇಲೆ

ಬೇಸಿಗೆ ಬಂತೆಂದರೆ ಚಂದ್ರಗಿರಿ ಹೊಳೆಗೆ ಉಪ್ಪುನೀರು ಏರುವುದನ್ನು ಚಿಕ್ಕಂದಿನಿಂದ ನೋಡುತ್ತ ಬೆಳೆದ ನನಗೆ ನೀರನ್ನು ಹಾಯಗೊಟ್ಟು ಉಪ್ಪು ತಡೆಯುವ ತೆಳು ಪೊರೆಗಳ, ಅಂದರೆ ಮೆಂಬ್ರೇನುಗಳ, ಕೆಲಸ ಮನಸ್ಸಿಗೆ ಹತ್ತಿರವಾದದ್ದು. ಕಾಸರಗೋಡಿನ ನಮ್ಮ ಪ್ರಯೋಗಾಲಯದಲ್ಲಿ ಈ ಘಟಕವನ್ನು ಮೂರು ವರ್ಷಗಳಿಂದ ಬಳಸುತ್ತಿದ್ದೇವೆ. ಪಂಪು ಒಂದು, ತೊಟ್ಟಿ ಒಂದು. ತುಂಡುಗಳನ್ನು ಬಿಗಿದಿಡುವ ಎಂಟು ಪುಟ್ಟ ಕೋಶಗಳಲ್ಲಿ ಎಂಟು ಬಗೆಯ ಮೆಂಬ್ರೇನ್ ತುಂಡುಗಳು. ಲೀಟರಿಗೆ 2 ಗ್ರಾಂ ಉಪ್ಪು ಕರಗಿಸಿದ ನೀರನ್ನು 15.5 ಬಾರ್ ಒತ್ತಡದಲ್ಲಿ ಹಾಯಿಸಿ, ಪ್ರತಿ ತುಂಡಿನಿಂದ ಎಷ್ಟು ನೀರು ಇಳಿಯಿತು, ಅದರೊಡನೆ ಎಷ್ಟು ಉಪ್ಪು ದಾಟಿತು ಎಂದು ಅಳೆಯುತ್ತೇವೆ. ಒಂಟಿ ಕೋಶದಲ್ಲಿ ವಾರಕ್ಕೂ ಹೆಚ್ಚು ಹಿಡಿಯುತ್ತಿದ್ದ ಹೋಲಿಕೆ ಇದರಲ್ಲಿ ಒಂದೇ ದಿನಕ್ಕೆ ಮುಗಿಯುತ್ತದೆ.

ಆದರೂ ಮೊದಲ ವರ್ಷದ ಫಲಿತಾಂಶಗಳಲ್ಲಿ ಬಹುಪಾಲನ್ನು ಬದಿಗಿಡಬೇಕಾಯಿತು. ಏಳನೆಯ ಕೋಶಕ್ಕೆ ಯಾವ ಮೆಂಬ್ರೇನ್ ಹಾಕಿದರೂ ಅದು ಉಪ್ಪನ್ನು ಸರಿಯಾಗಿ ತಡೆಯುತ್ತಿರಲಿಲ್ಲ. ಮೆಂಬ್ರೇನ್ ತಯಾರಿಸಲು ಬಳಸುವ ಟ್ರೈಮೆಸಾಯ್ಲ್ ಕ್ಲೋರೈಡ್ ಎಂಬ ರಾಸಾಯನಿಕದ ಪ್ರಮಾಣ ತಪ್ಪಿದೆಯೆಂದು ತಿಳಿದು ಎರಡು ತಿಂಗಳು ದ್ರಾವಣವನ್ನೇ ತಿದ್ದುತ್ತ ಕುಳಿತೆವು. ಕೊನೆಗೆ ನೀರಿಗೆ ಬಣ್ಣ ಬೆರೆಸಿ ಹಾಯಿಸಿ, ಕೋಶ ಬಿಚ್ಚಿ ತುಂಡನ್ನು ಮಗುಚಿ ನೋಡಿದಾಗ ಅಂಚಿನಲ್ಲಿ ಕೂದಲೆಳೆಯಷ್ಟು ಗುಲಾಬಿ ಗೆರೆ ಕಂಡಿತು. ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಒತ್ತಿ ಚಪ್ಪಟೆಯಾಗಿ ಅದರ ಪಕ್ಕದಿಂದ ಉಪ್ಪುನೀರು ನುಸುಳುತ್ತಿತ್ತು. ಮೆಂಬ್ರೇನಿನಲ್ಲಿ ಯಾವ ದೋಷವೂ ಇರಲಿಲ್ಲ. ಓ-ರಿಂಗನ್ನು ಯಾವಾಗ ಬದಲಿಸಬೇಕೆಂಬ ಮಾತೇ ತಯಾರಕರ ಕೈಪಿಡಿಯಲ್ಲಿಲ್ಲ, ಹೊಸದು ಬಂದು ಸೇರಲು ಐದು ವಾರ ಹಿಡಿಯಿತು. ಇದು ನನಗೆ ಇಂದಿಗೂ ಬೇಸರದ ವಿಷಯ.

ಅಂದಿನಿಂದ ಪ್ರತಿ ಸುತ್ತಿನಲ್ಲೂ ಒಂದು ಕೋಶಕ್ಕೆ ಎಷ್ಟು ಉಪ್ಪು ತಡೆಯುತ್ತದೆಂದು ಮೊದಲೇ ಗೊತ್ತಿರುವ, ಮಾರುಕಟ್ಟೆಯ ಆರ್‌ಒ (ನೀರು ಶುದ್ಧೀಕರಣದ) ಮೆಂಬ್ರೇನಿನ ತುಂಡನ್ನು ಹಾಕುತ್ತೇವೆ, ಅದರ ಜಾಗವನ್ನೂ ಸರದಿಯಂತೆ ಬದಲಿಸುತ್ತೇವೆ. ಪರೀಕ್ಷೆಗೆ ಉಳಿಯುವುದು ಏಳೇ ಮಾದರಿಗಳಾದರೂ, ಕೋಶ ಕೆಟ್ಟಿದ್ದರೆ ಆ ತುಂಡಿನ ಸರದಿ ಅಲ್ಲಿಗೆ ಬಂದಾಗ ಗೊತ್ತಾಗುತ್ತದೆ.

ನೀರನ್ನು ತಂಪಾಗಿಡುವ ಯಂತ್ರವನ್ನು ಬೇರೆಯೇ ಕೊಳ್ಳಬೇಕು. ನೀರು ಒಂದು ಡಿಗ್ರಿ ಬಿಸಿಯಾದರೆ ಮೆಂಬ್ರೇನಿನಿಂದ ಇಳಿಯುವ ನೀರು ಸುಮಾರು ಶೇ. 3ರಷ್ಟು ಏರುವುದರಿಂದ, ನಮ್ಮ ಏಪ್ರಿಲ್ ಸೆಕೆಯಲ್ಲಿ ಪಂಪಿನ ಕಾವೂ ಸೇರಿದಾಗ ಬೆಳಗಿನ ಅಂಕಿಯನ್ನು ಮಧ್ಯಾಹ್ನದ ಅಂಕಿಯೊಡನೆ ಹೋಲಿಸುವಂತೆಯೇ ಇಲ್ಲ. ಪಂಪಿನ ಬಗ್ಗೆ ಮಾತ್ರ ದೂರಿಲ್ಲ.

ಕೆಲವೇ ಗಂಟೆಗಳ ಈ ಪರೀಕ್ಷೆಯಿಂದ ಮೆಂಬ್ರೇನ್ ಎಷ್ಟು ಬೇಗ ಕೊಳೆ ಹಿಡಿಯುತ್ತದೆ, ಕ್ಲೋರಿನ್ನಿಗೆ ಎಷ್ಟು ತಾಳುತ್ತದೆ ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಮುಂದೆ ನಿಂತ ಒಂದೆರಡನ್ನು ಆರಿಸಿ, ಬಾವಿಯ ನೀರಿನಲ್ಲಿ ವಾರಗಟ್ಟಲೆ ನಡೆಸಿ ನೋಡುತ್ತೇವೆ. ಕೊಳ್ಳುವವರು ಹಣ ಕೊಡುವ ಮೊದಲು, ಒಂದೇ ಹಾಳೆಯಿಂದ ಕತ್ತರಿಸಿದ ತುಂಡುಗಳನ್ನು ಎಂಟೂ ಕೋಶಗಳಿಗೆ ಹಾಕಿಸಿ, ಎಂಟರ ಅಂಕಿಗಳನ್ನೂ ಕಣ್ಣೆದುರೇ ತೋರಿಸುವಂತೆ ಕೇಳಬೇಕು.