ಸೂಪರ್ ಮಾರ್ಕೆಟ್ ಚಾಚಾನ ಅಂಗಡಿ ಮೆಹಂದಿ ಪುಡಿ, ಆರು ತಿಂಗಳು ಹಚ್ಚಿ ನೋಡಿ ಬರದೀನಿ

ಕಲಬುರಗಿ ಸೂಪರ್ ಮಾರ್ಕೆಟ್ ಅನ್ನೋ ಬಜಾರ್‌ನಾಗ ಗಿಡಮೂಲಿಕಿ ಮಾರೋ ಚಾಚಾನ ಸಣ್ಣ ಅಂಗಡಿ, ಬೋರ್ಡ್ ಸುದ್ದಾ ಇಲ್ಲ. 5ಕ್ಕ 4 ಸ್ಟಾರ್.

ನಂಗ ಮೂವತ್ತೆರಡಕ್ಕೇ ಕೂದಲ ಬೆಳ್ಳಗಾಗ್ಲಿಕ್ಕ ಹತ್ತಿದ್ವು, ಎಂಟು ವರ್ಷ ತಿಂಗಳಿಗೊಮ್ಮೆ ಡೈ ಹಚ್ಚೀನಿ. ಹೋದ ವರ್ಷ ನಮ್ಮ ಅಕ್ಕಗ ಎದಿ ಕ್ಯಾನ್ಸರ್ ಅಂತ ಗೊತ್ತಾಯ್ತು, ಇಲ್ಲೇ ಕಲಬುರಗಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರಿಗೆ ಕೀಮೋಕ್ಕ ಕರಕೊಂಡ್ ಹೋಗ್ತಿದ್ದೆ, ಸಲೈನ್ ಮುಗಿಯೋತನ ಹೊರಗ ಕುಂತು ಮೊಬೈಲ್‌ನಾಗ ಓದ್ತಿದ್ದೆ. ಅಲ್ಲೇ ಸಿಕ್ಕಿದ್ದು ಅಮೆರಿಕದ ಸಿಸ್ಟರ್ ಸ್ಟಡಿ ಅನ್ನೋ ಎದಿ ಕ್ಯಾನ್ಸರ್ ಸಂಶೋಧನೆ. 46,709 ಹೆಣ್ಮಕ್ಕಳನ್ನ ನೋಡ್ಯಾರ, ಅಷ್ಟೂ ಮಂದಿ ಅಕ್ಕಗೋ ತಂಗಿಗೋ ಎದಿ ಕ್ಯಾನ್ಸರ್ ಆದೋರೇ. ಅಂದ್ರ ನನ್ನಂಥೋರೇ. 2019ರಾಗ ಬಂದ ರಿಪೋರ್ಟ್‌ನಾಗ ಪರ್ಮನೆಂಟ್ ಡೈ ಹಚ್ಚೋರಿಗೆ ರಿಸ್ಕ್ 9 ಪರ್ಸೆಂಟ್ ಜಾಸ್ತಿ, ಅಲ್ಲಿನ ಕಪ್ಪು ಹೆಣ್ಮಕ್ಕಳಿಗೆ 45, ಕೂದಲ ಸ್ಟ್ರೇಟ್ ಮಾಡೋ ಕೆಮಿಕಲ್ ಕಮ್ಮಿ ಅಂದ್ರೂ ಐದರಿಂದ ಎಂಟು ವಾರಕ್ಕೊಮ್ಮೆ ಹಚ್ಚೋರಿಗೆ ಸುಮಾರು 30 ಅಂತ ಅದ. ಡೈ ಹಚ್ಚಿದ್ರ ರೋಗ ಬಂದೇ ಬರ್ತದ ಅಂತಲ್ಲ, ಅಕ್ಕ ಡೈ ಮುಟ್ಟಿದಾಕಿನೇ ಅಲ್ಲ. ಖರೆ ನಮ್ಮ ಕೈಲಿ ಬಿಡ್ಲಿಕ್ಕ ಬರೋದನ್ನ ಯಾಕ ಹಚ್ಕೋಬೇಕು ಅನಿಸ್ತು.

ಮೊದ್ಲು ಬ್ಯಾರೆ ಕಡಿಂದ ಕಾಳಿ ಮೆಹಂದಿ ಪ್ಯಾಕೆಟ್ ತಂದೆ. ಮುಂದ ಎಲಿ ಚಿತ್ರ, ದೊಡ್ಡ ಅಕ್ಷರದಾಗ ನ್ಯಾಚುರಲ್, ಹಿಂದ ತಿರುವಿದ್ರ ಇರುವಿಯಷ್ಟು ಸಣ್ಣ ಅಕ್ಷರದಾಗ ಪ್ಯಾರಾ ಫೆನಿಲೀನ್ ಡೈಅಮೈನ್, ಅದೇ ಪಿಪಿಡಿ, ಡೈದಾಗ ಇರ್ತದಲ್ಲ ಅದೇ. ಭಾಳ ಸಿಟ್ಟು ಬಂತು ನಂಗ.

ಚಾಚಾ ಹಂಗಲ್ಲ. ಡಬ್ಬಿ ತಗದು ನನ್ನ ಅಂಗೈ ಮ್ಯಾಲೆ ಚಿಟಿಕಿ ಪುಡಿ ಹಾಕಿ ಎರಡು ಹನಿ ನೀರು ಬಿಟ್ಟು "ಹತ್ತು ಮಿನಿಟ್‌ನಾಗ ಕರ್ರಗ ಬಂತಂದ್ರ ಅದು ಬರೀ ಎಲಿ ಅಲ್ಲ ಬೇಟಾ, ನೋಡ್ಕೊಂಡೇ ಒಯ್ಯಿ" ಅಂದ್ರು. ಕೇಸರಿನೇ ಬಂತು. ರಾಜಸ್ಥಾನದ ಸೋಜತ್ ಮಾಲಂತ, ಒಣ ಮೇವಿನ ವಾಸನಿ, ಪುಡಿ ನುಣ್ಣಗ ಅದ, ಉಸುಕು ಇಲ್ಲ. ಪಾವ ಕಿಲೋ 90 ರೂಪಾಯಿ.

ಒಂದು ಸ್ಟಾರ್ ಕಮ್ಮಿ ಯಾಕಂದ್ರ ಇದ್ರ ಜೋಡಿ ಹಚ್ಚೋ ನೀಲಿ ಎಲಿ (ಇಂಡಿಗೋ) ಪುಡಿ ಅವ್ರ ಹತ್ರ ಎಷ್ಟೋ ಸಲ ಇರಲ್ಲ, ಅದಿಲ್ಲಂದ್ರ ಬಿಳಿ ಕೂದಲ ಕೇಸರಿ ಆಗ್ತಾವ. ಮೆಹಂದಿ ರಾತ್ರಿ ಕಲಸಿಟ್ಟು ಮುಂಜಾನಿ ಹಚ್ಚಿ ಮೂರು ತಾಸು ಕುಂದ್ರಬೇಕು, ಡ್ಯೂಟಿಗೆ ಹೋಗೋರಿಗೆ ಐತವಾರನೇ ಗತಿ.

ಅಕ್ಕನ ತಲಿಗೆ ಈಗ ಬೆರಳುದ್ದ ಕೂದಲ ಬಂದಾವ, ನಂಗೂ ಹಚ್ಚೇ ಅಂತಾಳ. ಡಾಕ್ಟರ್‌ಗ ಕೇಳಿ ಹಚ್ತೀನಿ ಅಂದೀನಿ, ಅಕಿ ಸಲುವಾಗಿ ಪಾವ ಕಿಲೋ ಬ್ಯಾರೆ ತಂದಿಟ್ಟೀನಿ.